ಕಗ್ಗದಾಚೆಯ ಡಿವಿಜಿ

ಡಿವಿಜಿ ಅಂದ ಕೂಡಲೇ ನಮ್ಮಲ್ಲಿ ಬಹುತೇಕರಿಗೆ ನೆನಪಾಗೋದು ಮಂಕುತಿಮ್ಮನ ಕಗ್ಗ. ವಾಟ್ಸಾಪ್ ಸ್ಟೇಟಸ್ಸಿನಿಂದ ಮದುವೆ ಭಾಷಣದವರೆಗೆ ಅದು ಎಲ್ಲೆಲ್ಲೂ ಸಿಗುತ್ತೆ. ಆದರೆ ಕಗ್ಗ ಅಚ್ಚಾದದ್ದು 1943ರಲ್ಲಿ, ಡಿವಿಜಿಯವರಿಗೆ ಐವತ್ತಾರು ವರ್ಷ ಆದಾಗ. ಅದಕ್ಕಿಂತ ಮುಂಚೆ ಅವರು ಏನು ಮಾಡ್ತಿದ್ದರು ಅನ್ನೋದು ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಅವರು ಪತ್ರಿಕೆ ನಡೆಸಿದರು. ಬೆಂಗಳೂರು ಪುರಸಭೆಯ ಸದಸ್ಯರಾಗಿದ್ದರು. 1926ರಿಂದ 1940ರವರೆಗೆ ಮೈಸೂರು ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ ಕೂತಿದ್ದರು. ಈ ಎಲ್ಲ ಕೆಲಸದಲ್ಲೂ ಅವರದು ಒಂದೇ ಹಟ: ಆಳುವವರು ಏನು ತೀರ್ಮಾನ ಮಾಡಿದರು, ಯಾಕೆ ಮಾಡಿದರು ಅನ್ನೋದು ಊರಿನವರಿಗೆ ತಿಳಿದಿರಬೇಕು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಓದು ಅಲ್ಲಿಗೇ ನಿಂತಿತು. ಕೆಲಸ ಹುಡುಕಿಕೊಂಡು ಹೊರಟವರು ಸೋಡಾ ಕಾರ್ಖಾನೆಯಲ್ಲಿ ದುಡಿದರು, ಬೆಂಗಳೂರಿಗೆ ಬಂದ ಮೇಲೆ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಸೇರಿದರು. ಆಮೇಲೆ ಸೂರ್ಯೋದಯ ಪ್ರಕಾಶಿಕೆ ಅನ್ನೋ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಸಿವಿ ಹಿಡಿದು ಓಡಾಡೋ ನಮಗೆ ಇದನ್ನು ಓದಿದಾಗ ಸ್ವಲ್ಪ ಸಮಾಧಾನ ಆಗೋದು ನಿಜ, ಆದರೆ ಅಂದಿನ ಪತ್ರಿಕೆ ಕೆಲಸ ನೆಚ್ಚಿಕೊಳ್ಳುವಂಥದ್ದೇನೂ ಆಗಿರ್ಲಿಲ್ಲ. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸರ್ಕಾರ ಪತ್ರಿಕಾ ಕಾನೂನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ಹೊರಡಿಸೋ ಹಾಗಿರ್ಲಿಲ್ಲ. ಎಷ್ಟೋ ಪತ್ರಿಕೆಗಳು ಬಾಗಿಲು ಹಾಕಿದವು.

ಅವರಿಗೆ ಮೊದಲು ಹೆಸರು ತಂದ ಬರಹಗಳಲ್ಲಿ ಒಂದು ದಿವಾನ್ ರಂಗಾಚಾರ್ಲು ಅವರ ಮೇಲೆ ಬರೆದ ಪುಸ್ತಕ. ರಂಗಾಚಾರ್ಲು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದವರು. ಮೊದಲ ಸಭೆಗೆ ಬಂದವರು 144 ಜನ. ಅಲ್ಲಿ ದಿವಾನರು ರಾಜ್ಯದ ಆದಾಯ, ಖರ್ಚು, ಕಾಮಗಾರಿಗಳ ವರದಿ ಒಪ್ಪಿಸೋದು, ಬಂದವರು ತಮ್ಮ ಊರಿನ ಅಹವಾಲು ಹೇಳೋದು. ಕಾನೂನು ಮಾಡೋ ಅಧಿಕಾರ ಆ ಸಭೆಗೆ ಇರ್ಲಿಲ್ಲ. ದಿವಾನರನ್ನು ಇಳಿಸೋ ಅಧಿಕಾರವಂತೂ ಇಲ್ಲವೇ ಇಲ್ಲ. ಅಂದ್ರೆ ಜನರ ಕೈಯಲ್ಲಿ ಇದ್ದದ್ದು ಎರಡೇ: ವಿಷಯ ತಿಳಿದುಕೊಳ್ಳೋದು, ಪ್ರಶ್ನೆ ಕೇಳೋದು. ಡಿವಿಜಿಯವರ ಸಾರ್ವಜನಿಕ ಜೀವನವನ್ನು ಈ ಹಿನ್ನೆಲೆ ಇಟ್ಟುಕೊಂಡೇ ನೋಡಬೇಕು ಅಂತ ನನಗೆ ಅನ್ಸುತ್ತೆ. ತಿಳಿವಳಿಕೆ ಅವರಿಗೆ ಅಲಂಕಾರ ಆಗಿರ್ಲಿಲ್ಲ. ಪ್ರಜೆಗೆ ಅವತ್ತು ಇದ್ದ ಅಸ್ತ್ರವೇ ಅದು.

1913ರಲ್ಲಿ ಅವರು ಬೆಂಗಳೂರಿನಿಂದ ದಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ವಾರಕ್ಕೆರಡು ಸಲ ಬರುತ್ತಿತ್ತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಬಹಳ ಗೌರವ. ಆ ಗೌರವ ಪರೀಕ್ಷೆಗೆ ಬಿದ್ದ ಪ್ರಸಂಗವನ್ನು ಈಗಲೂ ಹೇಳ್ತಾರೆ. ದಸರಾ ವರದಿ ಮಾಡಲು ಬಂದ ಪತ್ರಕರ್ತರ ಖರ್ಚಿಗೆ ಅಂತ ಸರ್ಕಾರ ಹಣ ಕೊಟ್ಟಿತು. ಡಿವಿಜಿ ಅದನ್ನು ಮುಟ್ಟಲಿಲ್ಲ. ಸರ್ಕಾರದ ದುಡ್ಡು ತಗೊಂಡವನು ನಾಳೆ ಸರ್ಕಾರದ ತಪ್ಪನ್ನು ಬರೆಯೋದು ಹೇಗೆ ಅನ್ನೋದು ಅವರ ವಾದ. ಮುಂದೆ ಸರ್ಕಾರಕ್ಕೆ ಮಾಡಿಕೊಟ್ಟ ಬರವಣಿಗೆ ಕೆಲಸಕ್ಕೆ ಬಂದ ಚೆಕ್ಕುಗಳನ್ನೂ ಅವರು ನಗದು ಮಾಡಿಸದೆ ಪೆಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದರಂತೆ.

ಇದನ್ನೆಲ್ಲ ಆದರ್ಶ ಅಂತ ಹೇಳಿ ಮುಂದೆ ಹೋಗೋದು ಸುಲಭ. ಆದರೆ ಲೆಕ್ಕ ಎಲ್ಲೋ ಒಂದು ಕಡೆ ತೀರಲೇಬೇಕಲ್ಲ? ಅದು ತೀರಿದ್ದು ಮನೆಯಲ್ಲಿ. ಹೆಂಡತಿ ಭಾಗೀರಥಮ್ಮ ಒಮ್ಮೆ ನೆಂಟರ ಮನೆಯ ಸಮಾರಂಭಕ್ಕೆ ಹೋಗಲಿಲ್ಲವಂತೆ. ಉಟ್ಟುಕೊಳ್ಳೋಕೆ ಹರಿಯದ ಸೀರೆ ಇರ್ಲಿಲ್ಲ. ಹರಿದ ಸೀರೆಯಲ್ಲಿ ಹೋದರೆ ನಾಲ್ಕು ಜನ ಗಂಡನನ್ನು ಆಡಿಕೊಳ್ತಾರೆ ಅನ್ನೋದು ಆಕೆಯ ಯೋಚನೆ. ಆಕೆ ಚಿಕ್ಕ ವಯಸ್ಸಿನಲ್ಲೇ ತೀರಿಹೋದರು. ಡಿವಿಜಿ ಮತ್ತೆ ಮದುವೆಯಾಗಲಿಲ್ಲ. (ಸಸ್ಯವಿಜ್ಞಾನಿ, ಹಸುರು ಹೊನ್ನು ಬರೆದ ಬಿ.ಜಿ.ಎಲ್. ಸ್ವಾಮಿ ಇವರ ಮಗ.) ಡಿವಿಜಿಯವರ ಪ್ರಾಮಾಣಿಕತೆಯನ್ನು ಹೊಗಳೋ ಲೇಖನಗಳಲ್ಲಿ ಭಾಗೀರಥಮ್ಮನವರಿಗೆ ಒಂದೇ ಸಾಲು ಸಿಗುತ್ತೆ. ಅರ್ಧ ಪಾಲು ಆಕೆಯದೇ.

ಇಂಗ್ಲಿಷ್ ಪತ್ರಿಕೆ ಎಷ್ಟು ಜನರನ್ನು ಮುಟ್ಟೀತು? ಈ ಪ್ರಶ್ನೆಗೆ ಅವರು ಕನ್ನಡದಲ್ಲೇ ಉತ್ತರ ಕೊಟ್ಟರು. ವೃತ್ತಪತ್ರಿಕೆ, ರಾಜ್ಯಶಾಸ್ತ್ರ, ರಾಜ್ಯಾಂಗ ತತ್ತ್ವಗಳು ಇಂಥ ಪುಸ್ತಕಗಳನ್ನು ಬರೆದರು. ಬಜೆಟ್ಟು, ಮತ, ಪ್ರಾತಿನಿಧ್ಯ ಇವನ್ನೆಲ್ಲ ಇಂಗ್ಲಿಷ್ ಬಾರದವರೂ ಚರ್ಚೆ ಮಾಡೋ ಹಾಗೆ ಮಾಡೋದು ಅವರ ಉದ್ದೇಶ. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1932ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೂ.

ಇಷ್ಟು ಹಳೇ ಕಥೆ ಮಲೇಷ್ಯಾದಲ್ಲಿ ಓದೋ ನಮಗ್ಯಾಕೆ ಅಂತ ನೀವು ಕೇಳಬಹುದು. ಇಲ್ಲಿನ ಸ್ಥಿತಿ ನೋಡಿ. ಪೆನಾಂಗ್‌ನ ಜಾರ್ಜ್‌ಟೌನಿನಲ್ಲಿ 1951ರ ಡಿಸೆಂಬರಿನಲ್ಲೇ ಪುರಸಭೆ ಚುನಾವಣೆ ಆಗಿತ್ತು, ದೇಶಕ್ಕೆ ಸ್ವಾತಂತ್ರ್ಯ ಬರೋದಕ್ಕಿಂತ ಐದಾರು ವರ್ಷ ಮೊದಲು. 1957ರಲ್ಲಿ ಆ ನಗರದ ಮೊದಲ ಮೇಯರ್ ಆದವರು ಡಿ.ಎಸ್. ರಾಮನಾಥನ್. ಆಮೇಲೆ ಇಂಡೋನೇಷ್ಯಾ ಜೊತೆ ಜಗಳದ ಸಮಯ, 1965ರಲ್ಲಿ, ಸ್ಥಳೀಯ ಚುನಾವಣೆಗಳನ್ನು ತಡೆಹಿಡಿದರು. ಚುನಾವಣೆ ಮತ್ತೆ ಬೇಕು ಅಂತ ಆದಿ ನಾಗಪ್ಪನ್ ಆಯೋಗ ಹೇಳಿದರೂ ಸರ್ಕಾರ ಒಪ್ಪಲಿಲ್ಲ. ಇವತ್ತಿಗೂ ನಾವು ಬಾಡಿಗೆಗಿರೋ ತಾಮಾನ್‌ಗಳ ಮಜ್ಲಿಸ್ ಸದಸ್ಯರು ನೇಮಕ ಆದವರೇ. ಕಸದ ಗಾಡಿ, ಚರಂಡಿ, ಪಾರ್ಕಿಂಗ್, ಮನೆ ಮಾಲೀಕರು ಗೊಣಗುತ್ತಾ ಕಟ್ಟೋ ಚುಕಾಯ್ ಪಿಂತು ಎಲ್ಲ ಅವರ ಮೇಜಿನ ಮೇಲಿನ ವಿಷಯಗಳು. ನಮಗಂತೂ ಇಲ್ಲಿ ಓಟೇ ಇಲ್ಲ. ಹೀಗೆ ನೋಡಿದರೆ ನಾವು ಡಿವಿಜಿ ಕಾಲದ ಮೈಸೂರು ಪ್ರಜೆಗೆ ಬಹಳ ಹತ್ತಿರದಲ್ಲಿದ್ದೀವಿ: ಯಾರನ್ನೂ ಇಳಿಸೋಕಾಗಲ್ಲ, ಆದರೆ ತಿಳ್ಕೊಂಡು ಕೇಳಬಹುದು. ತನ್ನ ವಾರ್ಡಿನ ತೀರ್ಮಾನಗಳನ್ನು ಬಿಡಿಸಿ ಹೇಳೋ ಒಬ್ಬ ಸದಸ್ಯ ಇದ್ದರೆ ಇಂಥ ಕಡೆ ಅದೇ ದೊಡ್ಡದು.

ದೇಶಕ್ಕೆ ಸ್ವಾತಂತ್ರ್ಯ ಬರೋ ಎರಡು ವರ್ಷ ಮುಂಚೆ, 1945ರಲ್ಲಿ, ಡಿವಿಜಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಓಟು ಬರುತ್ತೆ ಅನ್ನೋದು ಆಗ ಎಲ್ಲರಿಗೂ ಗೊತ್ತಿತ್ತು. ಓಟು ಹಾಕೋವರು ವಿಷಯ ತಿಳಿದು ಹಾಕ್ತಾರಾ ಅನ್ನೋದು ಅವರ ಚಿಂತೆ. ಅದಕ್ಕೇ ಗ್ರಂಥಾಲಯ, ಉಪನ್ಯಾಸ, ಅಧ್ಯಯನ ಗೋಷ್ಠಿ, ಪಬ್ಲಿಕ್ ಅಫೇರ್ಸ್ ಅನ್ನೋ ಮಾಸಪತ್ರಿಕೆ. ಯಾವ ಪಕ್ಷದ ಜೊತೆಗೂ ಸಂಸ್ಥೆಯನ್ನು ಕಟ್ಟಿಹಾಕಲಿಲ್ಲ. ಹೊರಗಿನಿಂದ ನೋಡೋರಿಗೆ ಇದು ನಿಧಾನದ, ಸಪ್ಪೆ ಕೆಲಸ. ಮೆರವಣಿಗೆ ಇಲ್ಲ, ಜೈಕಾರ ಇಲ್ಲ. ನಾಲ್ಕು ಜನ ಕೂತು ಒಂದು ಮಸೂದೆ ಓದೋದು, ಅಷ್ಟೆ.

1970ರಲ್ಲಿ ಬೆಂಗಳೂರಿನ ಜನ ಅವರಿಗೆ ಸನ್ಮಾನ ಮಾಡಿ ಸುಮಾರು ಒಂದು ಲಕ್ಷ ರೂಪಾಯಿ ನಿಧಿ ಅರ್ಪಿಸಿದರು. ಆಗ ಅದು ಸಣ್ಣ ಮೊತ್ತ ಅಲ್ಲ, ಅವರ ಮನೆಗಂತೂ ಅಲ್ಲವೇ ಅಲ್ಲ. ಅಷ್ಟನ್ನೂ ಅವರು ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡರು. ರಜೆಗೆ ಊರಿಗೆ ಹೋದಾಗ ಗಾಂಧಿ ಬಜಾರಿನ ಕಡೆ ದೋಸೆ ತಿನ್ನೋಕೆ ಹೋಗೇ ಹೋಗ್ತೀರಿ. ಅಲ್ಲಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಎನ್.ಆರ್. ಕಾಲೊನಿ ಕಡೆ ನಡೆದರೆ ಆ ಸಂಸ್ಥೆಯ ಕಟ್ಟಡ ಸಿಗುತ್ತೆ.