ಮಿಲಿಮೀಟರ್ ಅಲೆಗಳ ಆಚಾರ್ಯ ಜಗದೀಶಚಂದ್ರ ಬೋಸ್

ಮೊಬೈಲ್ ಫೋನಿನ ತಲೆಯ ಮೇಲೆ ಕಡ್ಡಿಯಂತೆ ಚಾಚಿಕೊಂಡಿರುತ್ತಿದ್ದ ಆಂಟೆನಾ ಈಗ ಕಾಣಸಿಗದು. 5ಜಿ ಸೇವೆಗಾಗಿ ನಮ್ಮ ದೇಶದಲ್ಲಿ 2022ರಲ್ಲಿ ಹರಾಜಾದ 26 ಗಿಗಾಹರ್ಟ್ಸ್ ಅಲೆಗಳ ಉದ್ದ ಸುಮಾರು 11 ಮಿಲಿಮೀಟರ್ ಮಾತ್ರ. ಆಂಟೆನಾದ ಅಳತೆ ಸಾಮಾನ್ಯವಾಗಿ ಅಲೆಯ ಉದ್ದದ ಅರ್ಧದಷ್ಟಿರುವುದರಿಂದ, ಅಲೆ ಕಿರಿದಾದಷ್ಟೂ ಆಂಟೆನಾ ಕಿರಿದಾಗುತ್ತದೆ. ಇಂಥ ಕಿರು ಅಲೆಗಳನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಪಳಗಿಸಿದವರು ಕಲ್ಕತ್ತೆಯ ಆಚಾರ್ಯ ಜಗದೀಶಚಂದ್ರ ಬೋಸ್.

1858ರ ನವೆಂಬರ್ 30ರಂದು ಈಗಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ ಜನಿಸಿದ ಬೋಸರ ತಂದೆ ಭಗವಾನ್‌ಚಂದ್ರರು ಸರಕಾರಿ ಅಧಿಕಾರಿಯಾಗಿದ್ದರು. ಆದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಮಾಧ್ಯಮದ ಶಾಲೆಗೆ. ಕೇಂಬ್ರಿಜ್‌ನಲ್ಲಿ ಓದಿ ಬಂದ ಬೋಸ್ 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಯುರೋಪಿಯನ್ ಪ್ರಾಧ್ಯಾಪಕರ ವೇತನದ ಮೂರನೇ ಎರಡು ಭಾಗವಷ್ಟೇ ಆಗ ಭಾರತೀಯರಿಗೆ ಸಲ್ಲುತ್ತಿತ್ತು. ತಾತ್ಕಾಲಿಕ ನೇಮಕವೆಂಬ ಕಾರಣಕ್ಕೆ ಬೋಸರಿಗೆ ಅದರಲ್ಲೂ ಅರ್ಧ. ಅವರು ಜಗಳಕ್ಕಿಳಿಯಲಿಲ್ಲ, ಪಾಠವನ್ನೂ ನಿಲ್ಲಿಸಲಿಲ್ಲ. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ತಂದೆಯ ಸಾಲ ತಲೆಯ ಮೇಲಿದ್ದರೂ ಮೂರು ವರ್ಷ ಹೀಗೆಯೇ ದುಡಿದರು. ಕೊನೆಗೆ ಸರಕಾರ ಮಣಿದು, ನೇಮಕದ ದಿನದಿಂದಲೇ ಲೆಕ್ಕ ಹಾಕಿ ಪೂರ್ಣ ವೇತನ ನೀಡಿತು. ಆ ಹಣ ತಂದೆಯ ಸಾಲ ತೀರಿಸಲು ನೆರವಾಯಿತು.

ಕಾಲೇಜಿನಲ್ಲಿ ಅವರಿಗೆ ತಕ್ಕ ಪ್ರಯೋಗಶಾಲೆಯೂ ಇರಲಿಲ್ಲ. ಚಿಕ್ಕದೊಂದು ಕೋಣೆಯಲ್ಲಿ ತಗಡು ಕೆಲಸದವನ ನೆರವಿನಿಂದ ತಾವೇ ಉಪಕರಣಗಳನ್ನು ರೂಪಿಸಿದರು. ಜರ್ಮನಿಯ ಹರ್ಟ್ಸ್ ಬಳಸಿದ ಅಲೆಗಳು ಉದ್ದವಾಗಿದ್ದವು, ಸಲಕರಣೆಗಳೂ ದೊಡ್ಡವು. ಬೋಸರು ಅಲೆಯನ್ನು 5 ಮಿಲಿಮೀಟರಿಗೆ ಇಳಿಸಿದ್ದರಿಂದ ಇಡೀ ಸಲಕರಣೆ ಮೇಜಿನ ಮೇಲೆ ಹಿಡಿಯುವಷ್ಟಾಯಿತು. ಅಲೆಗಳನ್ನು ಒಟ್ಟುಗೂಡಿಸಲು ಅವರು ಮಾಡಿದ ಲೋಹದ ಆಲಿಕೆಯೇ ಇಂದು ಹಾರ್ನ್ ಆಂಟೆನಾ ಎನಿಸಿದೆ. ಅಲೆ ಕಂಪಿಸುವ ದಿಕ್ಕನ್ನು ಪರೀಕ್ಷಿಸಲು ರೈಲ್ವೆ ವೇಳಾಪಟ್ಟಿಯ ಪುಸ್ತಕಕ್ಕೆ ಲೋಹದ ತೆಳು ಹಾಳೆಗಳನ್ನು ಸೇರಿಸಿ ಬಳಸಿದ್ದರು!

1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ತಂತಿಯ ಸಂಪರ್ಕವಿಲ್ಲದೆಯೇ ದೂರದ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾತ್ಯಕ್ಷಿಕೆ ನೀಡಿದರು. ಆದರೆ ಕಿರು ಅಲೆಗಳು ಹೆಚ್ಚು ದೂರ ಸಾಗಲಾರವು. ಸಾಗರ ದಾಟಿಸಬೇಕೆಂದು ಮಾರ್ಕೋನಿ ಉದ್ದನೆಯ ಅಲೆಗಳನ್ನು ಹಿಡಿದರು. ಜಗತ್ತೂ ಅದೇ ಹಾದಿ ತುಳಿಯಿತು. ಪೇಟೆಂಟ್‌ನಿಂದ ಹಣ ಮಾಡುವುದು ಬೋಸರಿಗೆ ಒಗ್ಗದ ವಿಚಾರ. ಆಪ್ತರ ಒತ್ತಾಯದಿಂದ 1904ರಲ್ಲಿ ಅಮೆರಿಕದ ಪೇಟೆಂಟ್ ಒಂದು ದೊರೆತರೂ ಅದರಿಂದ ಲಾಭ ಬಯಸಲಿಲ್ಲ.

ಮುಂದೆ ಸಸ್ಯಗಳ ಸಂವೇದನೆಯ ಅಧ್ಯಯನಕ್ಕೆ ತೊಡಗಿ, 1917ರಲ್ಲಿ ಬೋಸ್ ವಿಜ್ಞಾನ ಮಂದಿರ ಸ್ಥಾಪಿಸಿದರು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ನಿಧನರಾದರು. ಅವರ ಮಿಲಿಮೀಟರ್ ಅಲೆಗಳ ಪ್ರಯೋಗವನ್ನು 2012ರಲ್ಲಿ ಅಂತಾರಾಷ್ಟ್ರೀಯ ಇಂಜಿನಿಯರುಗಳ ಸಂಸ್ಥೆಯಾದ ಐಇಇಇ ಮೈಲಿಗಲ್ಲೆಂದು ಗೌರವಿಸಿತು.

ಬಾಕಿ ಸಂಬಳ ಮೂರು ವರ್ಷಕ್ಕೆ ಕೈಸೇರಿತು. ಈ ಮನ್ನಣೆಯ ಬಾಕಿ ಸಲ್ಲಲು ಮಾತ್ರ ಒಂದು ಶತಮಾನವೇ ಬೇಕಾಯಿತು.