ಪಿ. ಎ. ಯೋಮನ್ಸ್

ಪರ್ಸಿವಲ್ ಆಲ್ಫ್ರೆಡ್ ಯೋಮನ್ಸ್ (ನಿಧನ: 1984) ಆಸ್ಟ್ರೇಲಿಯಾದ ಕೃಷಿಕರು, ಸಂಶೋಧಕರು ಹಾಗೂ ಲೇಖಕರು. ರೈತನು ಸ್ವಂತ ಜಮೀನಿನಲ್ಲಿ ಕಟ್ಟಿಕೊಳ್ಳುವ ಸಣ್ಣ ಮಣ್ಣಿನ ಅಣೆಕಟ್ಟನ್ನು ಇಡೀ ಭೂಮಿಯ ನೀರಿನ ನಿರ್ವಹಣೆಗೆ ಆಧಾರವಾಗಿಸಿದ ‘ಕೀಲೈನ್’ ಪದ್ಧತಿಯ ಪ್ರವರ್ತಕರೆಂದು ಇವರು ಪ್ರಸಿದ್ಧರಾಗಿದ್ದಾರೆ.

ಹಿನ್ನೆಲೆ

ಯೋಮನ್ಸ್ ಅವರು ಮೊದಲು ಗಣಿಗಳಲ್ಲಿ ಅದಿರಿನ ಪರೀಕ್ಷಕರಾಗಿ, ಬಳಿಕ ಮಣ್ಣು ಅಗೆದು ಸಾಗಿಸುವ ಕಾಮಗಾರಿಗಳ ಗುತ್ತಿಗೆದಾರರಾಗಿ ದುಡಿದರು. ನೆಲದ ಇಳಿಜಾರು ಮತ್ತು ನೀರಿನ ಹರಿವನ್ನು ಗುರುತಿಸುವ ಅವರ ಪರಿಣತಿಗೆ ಈ ವೃತ್ತಿಗಳೇ ಮೂಲ. 1943ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ನಾರ್ತ್ ರಿಚ್ಮಂಡ್ ಬಳಿ ಅವರು ಜಮೀನು ಕೊಂಡರು. ಅದು ಸಾರ ಕುಂದಿದ, ಬೇಗನೆ ಒಣಗುವ ನೆಲವಾಗಿತ್ತು. ಸ್ವಲ್ಪ ಕಾಲದಲ್ಲೇ ಅಲ್ಲಿ ಹುಲ್ಲಿಗೆ ಹೊತ್ತಿದ ಬೆಂಕಿಗೆ ಅವರ ಭಾವಮೈದುನ ಬಲಿಯಾದರು. ಆ ಬಳಿಕ ಯೋಮನ್ಸ್ ಅವರೇ ಜಮೀನಿನ ಹೊಣೆ ಹೊತ್ತು, ಮಳೆನೀರನ್ನು ಹಿಡಿದಿಟ್ಟು ನೆಲವನ್ನು ಹಸಿರಾಗಿಡುವ ಪ್ರಯೋಗಗಳಲ್ಲಿ ತೊಡಗಿದರು. ಅಲ್ಲಿನ ಯೋಬಾರ್ನಿ ಮತ್ತು ನೆವಾಲನ್ ಎಂಬ ತೋಟಗಳು ಅವರ ಪ್ರಯೋಗಶಾಲೆಗಳಾದವು.

ಕೀಲೈನ್ ಪದ್ಧತಿ

ಸಣ್ಣ ಕಣಿವೆಯ ಮೇಲ್ಭಾಗದಲ್ಲಿ ಕಡಿದಾದ ಇಳಿಜಾರು ಮುಗಿದು ಮಂದವಾದ ಇಳಿಜಾರು ಆರಂಭವಾಗುವ ಸ್ಥಳವನ್ನು ಅವರು ‘ಕೀಪಾಯಿಂಟ್’ ಎಂದು ಕರೆದರು. ಅದರ ಮೂಲಕ ಹಾಯುವ ಸಮಮಟ್ಟದ ರೇಖೆಯೇ ಕೀಲೈನ್. ಅಲ್ಲಿ ಮಣ್ಣಿನ ಏರಿ ಕಟ್ಟಿದರೆ ನೀರು ಎತ್ತರದಲ್ಲಿ ಸಂಗ್ರಹವಾಗುವುದರಿಂದ, ಪಂಪಿನ ನೆರವಿಲ್ಲದೆ ಕೆಳಗಿನ ಹೊಲಗಳಿಗೆ ಹರಿಯುತ್ತದೆ. ಏರಿಯ ಅಡಿಯಲ್ಲಿ ಹೂಳಿದ, ಕವಾಟವುಳ್ಳ ಕೊಳವೆ ತೂಬಿನ ಕೆಲಸ ಮಾಡುತ್ತದೆ. ಅಣೆಕಟ್ಟು ತುಂಬಿದಾಗ ಹೆಚ್ಚಿನ ನೀರು ಏರಿಯ ಮೇಲೆ ಉಕ್ಕಿ ಅದನ್ನು ಕೊರೆಯದಂತೆ ಕೋಡಿಯ ಮೂಲಕ ಹೊರಹೋಗುತ್ತದೆ. ಕಾಲುವೆಯಿಂದ ಮುಂದಿನ ಅಣೆಕಟ್ಟನ್ನೂ ಸೇರಬಲ್ಲದು. ಕೀಲೈನಿಗೆ ಸಮಾಂತರವಾಗಿ ಉಳಿನೇಗಿಲಿನಿಂದ ಉತ್ತಾಗ, ಕಣಿವೆಯಲ್ಲಿ ಕೂಡುವ ನೀರು ಒಣಗಿದ ದಿಣ್ಣೆಗಳತ್ತ ಹರಡಿ ಮಣ್ಣಿನಲ್ಲಿ ಇಂಗುತ್ತದೆ. ದನಕರುಗಳಿಗೆ ಕುಡಿಯುವ ನೀರಿನ ಆಸರೆಯಷ್ಟೇ ಆಗಿದ್ದ ತೋಟದ ಅಣೆಕಟ್ಟು, ಹೀಗೆ ಫಲವತ್ತಾದ ಮಣ್ಣನ್ನು ರೂಪಿಸುವ ಸಾಧನವಾಯಿತು.

ಕೃತಿಗಳು ಮತ್ತು ಪ್ರಭಾವ

ಅವರ ‘ದಿ ಕೀಲೈನ್ ಪ್ಲಾನ್’ 1954ರಲ್ಲಿಯೂ ‘ದಿ ಚಾಲೆಂಜ್ ಆಫ್ ಲ್ಯಾಂಡ್‌ಸ್ಕೇಪ್’ 1958ರಲ್ಲಿಯೂ ಪ್ರಕಟವಾದವು. ‘ದಿ ಸಿಟಿ ಫಾರೆಸ್ಟ್’ (1971) ಕೃತಿಯಲ್ಲಿ ಈ ತತ್ತ್ವಗಳನ್ನು ನಗರ ಯೋಜನೆಗೂ ವಿಸ್ತರಿಸಿದರು. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಅವರು ರೂಪಿಸಿದ ಪರ್ಮಾಕಲ್ಚರ್ ಚಿಂತನೆಯ ಮೇಲೆ ಇವರ ಪ್ರಭಾವ ಗಾಢವಾಗಿದೆ.

ಪರಂಪರೆ

ಯೋಮನ್ಸ್ ಅವರ ನಿಧನಾನಂತರ ನಾರ್ತ್ ರಿಚ್ಮಂಡ್‌ನ ಕೃಷಿಭೂಮಿ ವಸತಿ ಬಡಾವಣೆಗಳ ಒತ್ತಡಕ್ಕೆ ಸಿಲುಕಿತು. 2013ರಲ್ಲಿ ಯೋಬಾರ್ನಿ ತೋಟವನ್ನು ನ್ಯೂ ಸೌತ್ ವೇಲ್ಸ್ ರಾಜ್ಯದ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಲಾಯಿತು.