ನೀರಿಗೆ ಲೆಕ್ಕ ಹಾಕಿದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರೆಂದ ಕೂಡಲೇ ನಿಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಆದರೆ ಆ ಕಟ್ಟೆಗಿಂತ ಹತ್ತು ವರ್ಷ ಮೊದಲೇ ಅವರು ಮಾಡಿದ ಇನ್ನೊಂದು ಕೆಲಸವುಂಟು. ರಾವಂದೂರು, ಪಿರಿಯಾಪಟ್ಟಣ, ಹುಣಸೂರು ಕಡೆ ಹಾರಂಗಿ ನಾಲೆಯ ನೀರು ಹಾಯಿಸುವವರು ಅದನ್ನು ತಿಳಿದಿರಬೇಕು.

ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳಿಗೆ ಮನೆಪಾಠ ಹೇಳುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

1899ರಲ್ಲಿ ಪುಣೆ ಜಿಲ್ಲೆಯ ನೀರಾವರಿ ಅವರ ವಶಕ್ಕೆ ಬಂತು. ಅಲ್ಲಿ ನೀರಾ ನಾಲೆಯ ತಲೆಭಾಗದವರು ವರ್ಷ ವರ್ಷವೂ ಅದೇ ಹೊಲಕ್ಕೆ ಕಬ್ಬು ಹಾಕಿ ಬೇಕಾದಷ್ಟು ನೀರು ಬಿಡುತ್ತಿದ್ದರು. ಬಾಲಭಾಗದವರಿಗೆ ನೀರಿಲ್ಲ, ತಗ್ಗಿನವರಿಗೆ ಜೌಗು, ಸೊಳ್ಳೆ, ಮಲೇರಿಯಾ. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಒಳನೀರು ಮೇಲೇರುತ್ತದೆ, ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಮಾತ್ರ ನೆಲದ ಮೇಲೆ ಉಳಿಯುತ್ತದೆ. ಚೌಳು ಹತ್ತುವುದೆಂದರೆ ಇದೇ.

ಅವರು ತಂದದ್ದು ಬ್ಲಾಕ್ ಪದ್ಧತಿ. ನಾಲೆಯ ಭೂಮಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ. ಸರತಿಯಂತೆ ಜಾಗ ಬದಲಾವಣೆ. ಒಂದೊಂದು ತುಂಡಿಗೂ ಅಳೆದ ನೀರು. ಮೊದಲಿಗೆ ರೈತರು ವಿರೋಧಿಸಿದರು. ಬೇಕಾದಷ್ಟು ನೀರು ಪಡೆದವನಿಗೆ ಅಳತೆ ಹಿಡಿಸೀತೇ? ಅವರು ಆಜ್ಞೆ ಹೊರಡಿಸಿ ಸುಮ್ಮನಾಗದೆ ಸಭೆ ಸೇರಿಸಿ ತಿಳಿಹೇಳಿ ಒಪ್ಪಿಸಿದರು. ನನಗೆ ಅಣೆಕಟ್ಟಿಗಿಂತ ಇದೇ ಕಷ್ಟದ ಕೆಲಸವೆನಿಸುತ್ತದೆ. ಆದರೂ ನೀರಾ ಕಣಿವೆಗೆ ಪೂರ್ತಿ ರಕ್ಷಣೆ ಸಿಗಲಿಲ್ಲ. 1910ರ ವೇಳೆಗೆ ಅಲ್ಲಿನ ಉಪ್ಪು ಭೂಮಿಯ ಬಗ್ಗೆಯೇ ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ವರದಿ ಬರೆಯಬೇಕಾಯಿತು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು, 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಮುಂದೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಕೆಳಗೆ, ಕಬ್ಬು, ಭತ್ತ, ಅರೆನೀರಾವರಿ ಬೆಳೆಗಳ ಮೂರು ವರ್ಷದ ಸರತಿ ಜಾರಿಗೆ ಬಂತು. 1955ರಲ್ಲಿ ಭಾರತರತ್ನ ಪಡೆದ ಅವರು ನೂರು ವರ್ಷ ದಾಟಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಸರತಿ ಮುರಿದರೆ ಏನಾಗುತ್ತದೆಂದು ನೋಡಬೇಕಾದರೆ ತುಂಗಭದ್ರಾ ನಾಲೆಯ ಸಿಂಧನೂರು, ಗಂಗಾವತಿ ಕಡೆ ಹೋಗಿ ಬನ್ನಿ. ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ ನೆಲದಲ್ಲಿ ಭತ್ತವೇ ಭತ್ತವಾಗಿ, ಸಾವಿರಾರು ಎಕರೆ ಚೌಳಾಗಿದೆ.

ನಿಮ್ಮ ಹೊಲದಲ್ಲಿ ಮೊದಲ ಸೂಚನೆ ಕೊಡುವುದು ಗರಿಕೆ. ಗಣಪತಿಗೆ ಏರಿಸುವ ಈ ಹುಲ್ಲನ್ನೇ ಬಿಸಿ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಬೆಳೆಸುತ್ತಾರೆ. ಸವಳು ನೀರು ಹಾಯಿಸಿದರೂ ಅದು ಹಸಿರಾಗಿರುತ್ತದೆ. ಮಣ್ಣಿನ ಉಪ್ಪನ್ನು ಅಳೆಯುವ ವಿದ್ಯುತ್ ವಾಹಕತೆಯ ಲೆಕ್ಕದಲ್ಲಿ ಗರಿಕೆ ಸುಮಾರು 6.9ರವರೆಗೆ ಸೊರಗದು. ಭತ್ತ 3ಕ್ಕೆ, ಕಬ್ಬು 1.7ಕ್ಕೆ, ಹುರುಳಿಕಾಯಿ 1ಕ್ಕೇ ಇಳುವರಿ ಬಿಡಲು ತೊಡಗುತ್ತವೆ. ಬೆಳೆ ಸೊರಗಿ, ಬಿಳಿ ಪುಡಿ ಕಂಡು, ಗರಿಕೆ ಮಾತ್ರ ಹುಲುಸಾಗಿದ್ದರೆ ಅನುಮಾನಿಸಿ. ಹೊಗೆಸೊಪ್ಪಿನವರಂತೂ ಇನ್ನೂ ಎಚ್ಚರದಿಂದಿರಬೇಕು. ನೀರಿನಲ್ಲಿ ಕ್ಲೋರೈಡ್ ಹೆಚ್ಚಾದರೆ ಎಲೆ ಸರಿಯಾಗಿ ಉರಿಯದೆ ದರ್ಜೆ ಬೀಳುತ್ತದೆ.

ಹಾಗೆಂದು ಯಾರೋ ಹೇಳಿದರೆಂದು ಜಿಪ್ಸಂ ಮೂಟೆ ತಂದು ಸುರಿಯಬೇಡಿ. ಅದು ಸೋಡಿಯಂ ಹೆಚ್ಚಿರುವ ಕರಲು ನೆಲಕ್ಕೆ ಮದ್ದು. ಬರೀ ಉಪ್ಪಿನ ನೆಲಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ತೊಳೆಯಬೇಕು. ಬೇಸಿಗೆಯಲ್ಲಿ ಹೊಲ ಖಾಲಿಯಿದ್ದಾಗ ಮಣ್ಣಿನ ಜೊತೆ ಬಾವಿಯ ನೀರನ್ನೂ ಒಂದು ಬಾಟಲಿಯಲ್ಲಿ ಪರೀಕ್ಷೆಗೆ ಕೊಟ್ಟು ಬನ್ನಿ.